ಹೆಸರು ಕೇಳದ ಮನೆ

ಹಿಟ್ಲರ್ ಎಂಬ ಹೆಸರು ನಮ್ಮ ಆಡುಮಾತಿನಲ್ಲಿ ಎಷ್ಟು ಸಲೀಸಾಗಿ ಬಂದುಬಿಡುತ್ತದೆ ಎಂಬುದನ್ನು ನೀವು ಗಮನಿಸಿರಬಹುದು. ಬೆತ್ತ ಹಿಡಿದು ತಿರುಗುವ ಹೆಡ್‌ಮಾಸ್ಟರಿಗೆ ಮಕ್ಕಳು ಇಡುವ ಅಡ್ಡಹೆಸರು ಹಿಟ್ಲರ್. ರಜೆ ಕೊಡದ ಮೇಲಧಿಕಾರಿಯೂ ಹಿಟ್ಲರ್. ಬಿ.ಸಿ.ರೋಡಿನಿಂದ ಮಂಗಳೂರಿಗೆ ಹೊರಟ ಬಸ್ಸು ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ನಿಂತರೆ ಸಾಕು, ‘ಈ ದೇಶಕ್ಕೆ ಒಬ್ಬ ಹಿಟ್ಲರ್ ಬರಬೇಕು ಮಾರಾಯ್ರೆ, ಆಗ ಎಲ್ಲ ಸರಿಯಾಗ್ತದೆ’ ಎನ್ನುವವರು ಸಿಗುತ್ತಾರೆ. ಅವನ ಆತ್ಮಕಥೆ ನಗರಗಳ ಫುಟ್‌ಪಾತ್ ಅಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಮಾರಾಟವಾಗುತ್ತದೆ. ಯುರೋಪಿನಲ್ಲಿ ಎದೆ ನಡುಗಿಸುವ ಒಂದು ಹೆಸರು ನಮ್ಮಲ್ಲಿ ಶಿಸ್ತಿನ ಇನ್ನೊಂದು ಹೆಸರಾಗಿ ಉಳಿದಿದೆ.

ಇದು ಬೇರೆಯವರ ದೋಷವೆಂದು ಮುಸ್ಲಿಮರಾದ ನಾವು ಕೈತೊಳೆದುಕೊಳ್ಳುವಂತಿಲ್ಲ. ಫೆಲೆಸ್ತೀನಿನಲ್ಲಿ ಬಾಂಬು ಬಿದ್ದಾಗಲೆಲ್ಲ ನಮ್ಮವರ ಮೊಬೈಲುಗಳಲ್ಲಿ ಒಂದು ಮಾತು ಹರಿದಾಡುತ್ತದೆ. ತಾನು ಕೆಲವು ಯಹೂದಿಗಳನ್ನು ಬೇಕೆಂದೇ ಉಳಿಸಿದ್ದೇನೆ, ಉಳಿದವರನ್ನು ಯಾಕೆ ಕೊಂದೆನೆಂದು ಜಗತ್ತಿಗೆ ಮುಂದೆ ತಿಳಿಯಲಿ ಎಂದು ಹಿಟ್ಲರ್ ಹೇಳಿದನಂತೆ. ಅವನು ಹಾಗೆ ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಯಾರೋ ಕಟ್ಟಿದ ಸುಳ್ಳು ಅದು. ಆದರೆ ಅದನ್ನು ಮುಂದಕ್ಕೆ ಕಳಿಸುವವರಿಗೆ ಅದು ಸುಳ್ಳೆಂದು ಗೊತ್ತಾದರೂ ನಿಲ್ಲಿಸುತ್ತಾರೆಯೇ ಎಂಬುದು ಸಂಶಯ. ಗಾಝಾದ ಮಗುವಿನ ಮೇಲಿನ ಕರುಣೆಯಿಂದ ಹೊರಟ ಮನಸ್ಸು ಆಶ್‌ವಿಟ್ಝ್‌ನಲ್ಲಿ ಉಸಿರುಗಟ್ಟಿ ಸತ್ತ ಮಗುವಿನ ಕೊಲೆಗಾರನನ್ನು ಮೆಚ್ಚುವಲ್ಲಿಗೆ ಹೇಗೆ ತಲುಪುತ್ತದೆ? ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕಾಗಿದೆ.

ಇಂಥ ಹೊತ್ತಿನಲ್ಲಿ ಮತ್ತೆ ಓದಬೇಕಾದ ಒಂದು ಕನ್ನಡ ಕಾದಂಬರಿಯಿದೆ. ನೇಮಿಚಂದ್ರ ಅವರ ‘ಯಾದ್ ವಶೇಮ್’. 2007ರಲ್ಲಿ ನವಕರ್ನಾಟಕ ಪ್ರಕಾಶನ ಹೊರತಂದ ಕೃತಿ. ನಾಝಿಗಳ ಕಾಲದ ಯಹೂದಿಗಳ ಸಂಕಟವನ್ನು ಅನುವಾದದ ಮೂಲಕವಲ್ಲದೆ, ಕನ್ನಡದ ನೆಲದಲ್ಲೇ ನಿಂತು ಕಾಣಲು ಯತ್ನಿಸಿದ ಕೃತಿಗಳು ನಮ್ಮಲ್ಲಿ ತೀರಾ ವಿರಳ. ಅದರಲ್ಲೂ ಈ ಕಾದಂಬರಿಯ ನಡುವೆ ಒಂದು ಮುಸ್ಲಿಂ ಮನೆಯಿದೆ. ಆ ಕಾರಣಕ್ಕೆ ಇದು ನಮ್ಮ ಓದುಗರಿಗೆ ಇನ್ನಷ್ಟು ಹತ್ತಿರದ್ದು.

ಕಥೆಯ ಹಂದರ ಸರಳವಾದುದು. ಹ್ಯಾನಾ ಎಂಬ ಯಹೂದಿ ಬಾಲಕಿ ನಾಝಿ ಜರ್ಮನಿಯಿಂದ ತಪ್ಪಿಸಿಕೊಂಡು ತಂದೆಯ ಜತೆ ಬೆಂಗಳೂರಿಗೆ ಬರುತ್ತಾಳೆ. ಮನೆಯ ಉಳಿದವರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ. ತಂದೆಯನ್ನೂ ಕಳೆದುಕೊಂಡ ಹುಡುಗಿಯನ್ನು ಬೆಂಗಳೂರಿನ ಒಂದು ಮುಸ್ಲಿಂ ಕುಟುಂಬ ತನ್ನ ಮಗಳಂತೆ ಸಾಕುತ್ತದೆ. ವರ್ಷಗಳು ಉರುಳಿ, ಇಲ್ಲಿನವಳೇ ಆಗಿ, ಸಂಸಾರವಂದಿಗಳಾಗಿ ವಯಸ್ಸಾದ ಮೇಲೆ ಆಕೆ ತನ್ನವರು ಏನಾದರೆಂದು ಹುಡುಕುತ್ತಾ ಹೊರಡುತ್ತಾಳೆ. ಆ ಹುಡುಕಾಟ ಆಕೆಯನ್ನು ಯುರೋಪಿಗೆ, ಕೊನೆಗೆ ಇಸ್ರೇಲಿಗೆ ಕರೆದೊಯ್ಯುತ್ತದೆ. ಅಲ್ಲಿ ಫೆಲೆಸ್ತೀನಿಯರ ಪ್ರಶ್ನೆ ಎದುರಾಗುತ್ತದೆ. ‘ಯಾದ್ ವಶೇಮ್’ ಎಂದರೆ ಹೀಬ್ರೂ ಭಾಷೆಯಲ್ಲಿ ‘ಒಂದು ಸ್ಮಾರಕ ಮತ್ತು ಒಂದು ಹೆಸರು’. ಯೆಶಾಯ ಪ್ರವಾದಿಯ ಗ್ರಂಥದಿಂದ ಬಂದ ಪದವಿದು. ಕೊಲೆಯಾದ 60 ಲಕ್ಷ ಯಹೂದಿಗಳ ನೆನಪಿಗಾಗಿ 1953ರಲ್ಲಿ ಜೆರುಸಲೇಮಿನಲ್ಲಿ ಸ್ಥಾಪನೆಯಾದ ಸಂಸ್ಥೆಗೂ ಇದೇ ಹೆಸರು. ಸತ್ತವರ ಹೆಸರುಗಳನ್ನು ಒಂದೊಂದಾಗಿ ಹುಡುಕಿ ದಾಖಲಿಸುವುದು ಅದರ ಮುಖ್ಯ ಕೆಲಸ. 48 ಲಕ್ಷಕ್ಕೂ ಹೆಚ್ಚು ಹೆಸರುಗಳು ಈವರೆಗೆ ಸಿಕ್ಕಿವೆ.

ಕಾದಂಬರಿಯನ್ನು ಓದುವಾಗ ಈ ‘ಹೆಸರು’ ಎಂಬ ಮಾತನ್ನೇ ಹಿಡಿದು ಹೋದರೆ ಒಳಗಿನ ಅರ್ಥ ಬಿಚ್ಚಿಕೊಳ್ಳುತ್ತದೆ ಎಂದು ನನಗನ್ನಿಸುತ್ತದೆ. ಏಕೆಂದರೆ ಹ್ಯಾನಾಳಂಥ ಮಗುವನ್ನು ಮನೆಯಿಂದ ಹೊರದಬ್ಬಿದ್ದು ಕೂಡಾ ಹೆಸರೇ, ಕಾಗದದ ಮೇಲೆ ಬರೆದ ಹೆಸರು.

ಯಹೂದಿಗಳ ನಾಶ ಅನಿಲದ ಕೋಣೆಯಿಂದ ಪ್ರಾರಂಭವಾಗಲಿಲ್ಲ. 1933ರ ಜನವರಿ 30ರಂದು ಹಿಟ್ಲರ್ ಚಾನ್ಸಲರ್ ಆದಾಗ ಜರ್ಮನಿಯ ಯಹೂದಿಗಳು ಸುಮಾರು 5 ಲಕ್ಷ. ಒಟ್ಟು ಜನಸಂಖ್ಯೆಯ ಶೇಕಡಾ ಒಂದಕ್ಕಿಂತಲೂ ಕಡಿಮೆ. ಎರಡು ತಿಂಗಳು ಕಳೆದು ಏಪ್ರಿಲ್ 1ರಂದು ಯಹೂದಿ ಅಂಗಡಿಗಳ ಮುಂದೆ ಸಮವಸ್ತ್ರ ಧರಿಸಿದವರು ಬೋರ್ಡು ಹಿಡಿದು ನಿಂತರು, ಇಲ್ಲಿ ಖರೀದಿಸಬೇಡಿ ಎಂದು. ಆರು ದಿನ ಬಿಟ್ಟು ಬಂದ ಕಾನೂನು ಸರಕಾರಿ ನೌಕರಿಯಿಂದ ಅವರನ್ನು ತೆಗೆಯಿತು. 1935ರ ಸೆಪ್ಟೆಂಬರಿನ ನ್ಯೂರೆಂಬರ್ಗ್ ಕಾನೂನುಗಳು ಅವರ ಪೌರತ್ವದ ಹಕ್ಕನ್ನು ಕಸಿದು, ಇತರ ಜರ್ಮನರೊಂದಿಗೆ ಮದುವೆಯಾಗುವುದನ್ನು ಅಪರಾಧವೆಂದವು. ಯಹೂದಿ ಯಾರು ಎಂಬುದಕ್ಕೆ ಒಂದು ಲೆಕ್ಕವೂ ಬಂತು. ಅಜ್ಜ ಅಜ್ಜಿಯರ ಪೈಕಿ ಮೂವರು ಯಹೂದಿಗಳಾಗಿದ್ದರೆ ನೀವೂ ಯಹೂದಿ. ನೀವು ಏನನ್ನು ನಂಬುತ್ತೀರಿ, ಯಾವ ಪ್ರಾರ್ಥನಾಲಯಕ್ಕೆ ಹೋಗುತ್ತೀರಿ ಎಂಬುದು ಲೆಕ್ಕಕ್ಕಿಲ್ಲ.

1938ರಲ್ಲಿ ಸರಕಾರ ಹೆಸರಿಗೇ ಕೈಹಾಕಿತು. ‘ಯಹೂದಿಯ ಹೆಸರು’ ಎಂದು ಸರಕಾರದ ಪಟ್ಟಿಯಲ್ಲಿಲ್ಲದ ಹೆಸರು ಇಟ್ಟುಕೊಂಡ ಪ್ರತಿ ಗಂಡಸೂ 1939ರ ಜನವರಿಯಿಂದ ತನ್ನ ಹೆಸರಿನ ಜತೆ ‘ಇಸ್ರೇಲ್’ ಎಂದೂ ಪ್ರತಿ ಹೆಂಗಸೂ ‘ಸಾರಾ’ ಎಂದೂ ಸೇರಿಸಿಕೊಳ್ಳಬೇಕೆಂಬ ಆಜ್ಞೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವರ ಪಾಸ್‌ಪೋರ್ಟುಗಳ ಮೇಲೆ ಕೆಂಪು ಶಾಯಿಯಲ್ಲಿ ‘ಜೆ’ ಎಂಬ ಅಕ್ಷರ ಬಿತ್ತು. ನವೆಂಬರ್ 9ರ ರಾತ್ರಿ ಸಿನಗಾಗ್‌ಗಳಿಗೆ ಬೆಂಕಿ ಬಿದ್ದು ಅಂಗಡಿಗಳ ಗಾಜು ಪುಡಿಪುಡಿಯಾಯಿತು. ಸುಮಾರು 30 ಸಾವಿರ ಗಂಡಸರನ್ನು ಶಿಬಿರಗಳಿಗೆ ಹಾಕಿದರು. ನಷ್ಟ ಅನುಭವಿಸಿದವರ ಮೇಲೆಯೇ 100 ಕೋಟಿ ಮಾರ್ಕ್ ದಂಡ ಹೇರಿದರು. ಓಡಿಹೋಗೋಣವೆಂದರೆ ಎಲ್ಲಿಗೆ? ಆ ವರ್ಷದ ಜುಲೈಯಲ್ಲಿ ಫ್ರಾನ್ಸಿನ ಎವಿಯಾನ್ ಎಂಬಲ್ಲಿ 32 ದೇಶಗಳು ಸೇರಿ ನಿರಾಶ್ರಿತರ ಬಗ್ಗೆ ಮರುಕದ ಭಾಷಣ ಮಾಡಿದ್ದವು. ದೊಡ್ಡ ಸಂಖ್ಯೆಯಲ್ಲಿ ಕರೆದುಕೊಳ್ಳಲು ಮುಂದೆ ಬಂದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯ ಮಾತ್ರ.

ಜಗತ್ತಿನ ಬಾಗಿಲುಗಳು ಹೀಗೆ ಮುಚ್ಚಿಕೊಳ್ಳುತ್ತಿದ್ದಾಗ ಬೆಂಗಳೂರಿನಲ್ಲಿ ಒಂದು ಬಾಗಿಲು ತೆರೆಯಿತು ಎಂಬುದು ನೇಮಿಚಂದ್ರ ಅವರ ಕಲ್ಪನೆ. ಇದು ಬರೀ ಕಲ್ಪನೆಯೇ? ಚರಿತ್ರೆಯ ಪುಟ ತಿರುವಿದರೆ ಹಾಗನ್ನಿಸುವುದಿಲ್ಲ.

ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಗೋಟಿಂಗೆನ್ ವಿಶ್ವವಿದ್ಯಾನಿಲಯದ ದೊಡ್ಡ ಹೆಸರು. ಯಹೂದಿ ಮನೆತನದಲ್ಲಿ ಹುಟ್ಟಿದ ಅವರು 1914ರಲ್ಲೇ ಕ್ರೈಸ್ತ ದೀಕ್ಷೆ ಪಡೆದಿದ್ದರು. ಆದರೂ 1933ರಲ್ಲಿ ಅವರ ಹುದ್ದೆ ಹೋಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಅವರನ್ನು ಕರೆಸಿಕೊಂಡರು. 1935-36ರಲ್ಲಿ ಸುಮಾರು ಆರು ತಿಂಗಳು ಬಾರ್ನ್ ದಂಪತಿ ಬೆಂಗಳೂರಿನಲ್ಲಿದ್ದರು. ಅವರಿಗೆ ಖಾಯಂ ಹುದ್ದೆ ಕೊಡಿಸಬೇಕೆಂಬುದು ರಾಮನ್ ಇಚ್ಛೆಯಾಗಿತ್ತು. ಅದು ಕೈಗೂಡಲಿಲ್ಲ. ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತನ್ನು ಒಬ್ಬ ಇಂಗ್ಲಿಷ್ ಪ್ರಾಧ್ಯಾಪಕರು ತುಂಬಿದ ಸಭೆಯಲ್ಲಿ, ಬಾರ್ನ್ ಎದುರಲ್ಲೇ ಆಡಿದ್ದನ್ನು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ನೋವಿನಿಂದ ನೆನೆದಿದ್ದಾರೆ. 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆ ‘ಎರಡನೇ ದರ್ಜೆ’ ಎಂಥದ್ದೆಂದು ಲೋಕಕ್ಕೆ ತಿಳಿಯಿತು.

ಬಾರ್ನ್ ಅವರ ಸೋದರಳಿಯ ಓಟ್ಟೋ ಕೋನಿಗ್ಸ್‌ಬರ್ಗರ್. ಬರ್ಲಿನ್ನಿನ ಯುವ ವಾಸ್ತುಶಿಲ್ಪಿ. 1933ರಲ್ಲಿ ಕೆಲಸ ಕಳೆದುಕೊಂಡು ಈಜಿಪ್ಟಿನಲ್ಲಿ ಕೆಲವು ವರ್ಷ ದುಡಿದು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಮುಂದೆ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಅವರನ್ನು ಕರೆಸಿಕೊಂಡವರು ಯಾರು? ಆಗಿನ ದಿವಾನ ಸರ್ ಮಿರ್ಝಾ ಇಸ್ಮಾಯೀಲ್. ಜರ್ಮನಿ ಹೊರಗಟ್ಟಿದ ಒಬ್ಬ ಯಹೂದಿ, ಹಿಂದೂ ಮಹಾರಾಜರ ಸಂಸ್ಥಾನದಲ್ಲಿ, ಮುಸ್ಲಿಂ ದಿವಾನರ ಆಹ್ವಾನದ ಮೇಲೆ ಕಟ್ಟಡ ಕಟ್ಟಿದರು. ವಿಜ್ಞಾನ ಸಂಸ್ಥೆಯ ವೈಮಾನಿಕ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು ಅವರದೇ ವಿನ್ಯಾಸ. ಸ್ವಾತಂತ್ರ್ಯದ ನಂತರ ಭುವನೇಶ್ವರ ನಗರದ ಯೋಜನೆಯನ್ನೂ ಅವರು ರೂಪಿಸಿದರು.

ಆದರೆ ಆಶ್ರಯದ ಕಥೆಯನ್ನು ಬಣ್ಣ ಹಚ್ಚಿ ಹೇಳಬಾರದು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರ ಇಲ್ಲಿದ್ದ ಜರ್ಮನ್ ಪ್ರಜೆಗಳನ್ನು ಶತ್ರುಗಳೆಂದು ಬಂಧಿಸಿತು. ಆ ಗುಂಪಿನಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಯಹೂದಿಗಳೂ ಇದ್ದರು. ಎಷ್ಟೋ ಮಂದಿ ವಿಚಾರಣೆ ಮುಗಿದ ಮೇಲೆ ಬಿಡುಗಡೆ ಹೊಂದಿದರು. ಬರ್ಲಿನ್ನಿನಲ್ಲಿ ಯಹೂದಿಯೆಂದು ಹೊರದಬ್ಬಿಸಿಕೊಂಡವರು ಇಲ್ಲಿ ಜರ್ಮನನೆಂದು ಒಳತಳ್ಳಿಸಿಕೊಂಡರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿಗಳ ಒಂದು ಸಣ್ಣ ದಫನ ಭೂಮಿಯಿದೆ. ಮೈಸೂರು ಮಹಾರಾಜರು ಕೊಟ್ಟ ಜಾಗ. ನಗರದ ಗದ್ದಲದ ನಡುವೆ ಅದನ್ನು ದಾಟಿ ಹೋಗುವವರಲ್ಲಿ ಎಷ್ಟು ಮಂದಿಗೆ ಅದರ ಅರಿವಿದೆಯೋ!

ನಮ್ಮ ಕರಾವಳಿಗಂತೂ ಯಹೂದಿಗಳು ಹೊಸಬರಲ್ಲ. ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1132ರ ಹೊತ್ತಿಗೆ ಮಂಗಳೂರಿಗೆ ಬಂದು ಸುಮಾರು 17 ವರ್ಷ ಇಲ್ಲೇ ನೆಲೆಸಿದ್ದ. ಇಲ್ಲಿ ಕಂಚಿನ ಪಾತ್ರೆ ಮಾಡಿಸುತ್ತಿದ್ದ, ಮೆಣಸು ಅಡಿಕೆ ಹಡಗಿಗೆ ಹಾಕುತ್ತಿದ್ದ. ಆಶು ಎಂಬ ಇಲ್ಲಿನ ದಾಸಿಯನ್ನು ಬಿಡುಗಡೆ ಮಾಡಿ ಆಕೆಯೊಂದಿಗೆ ಸಂಸಾರ ಹೂಡಿದ. ಅವನ ಕಾಗದಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ ಸಿಕ್ಕಿವೆ. ಅರಬಿ ಭಾಷೆಯನ್ನು ಹೀಬ್ರೂ ಲಿಪಿಯಲ್ಲಿ ಬರೆದ ಆ ಪತ್ರಗಳಲ್ಲಿ ಮುಸ್ಲಿಂ ನಾವಿಕರು, ಗುಜರಾತಿನ ಬನಿಯಾಗಳು, ತುಳುನಾಡಿನ ಆಳುಮಕ್ಕಳು ಎಲ್ಲರೂ ಬರುತ್ತಾರೆ. ಅಮಿತಾವ್ ಘೋಷ್ 1992ರಲ್ಲಿ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಜಾಡನ್ನೇ ಹಿಡಿದು ಮಂಗಳೂರಿಗೆ ಬಂದಿದ್ದರು. ಯಹೂದಿಯೂ ಮುಸ್ಲಿಮನೂ ಹುಟ್ಟು ವೈರಿಗಳೆಂಬ ಇಂದಿನ ಮಾತು ನೇತ್ರಾವತಿಯ ಅಳಿವೆಯಲ್ಲಿ ಎಂಟುನೂರು ವರ್ಷಗಳ ಹಿಂದೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಈ ಹಿನ್ನೆಲೆಯಲ್ಲಿ ಕಾದಂಬರಿಯ ಮುಸ್ಲಿಂ ಮನೆಯನ್ನು ನೋಡೋಣ. ಕನ್ನಡದಲ್ಲಿ ಮುಸ್ಲಿಂ ಮನೆಯ ಒಳಗನ್ನು ತೆರೆದು ತೋರಿಸಿದವರು ನಮ್ಮ ಕರಾವಳಿಯ ಲೇಖಕರೇ. ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಆ ಮನೆಯಲ್ಲಿ ಹೆಣ್ಣು ಅನುಭವಿಸುವ ನೋವನ್ನು ಹೇಳಿತು. ಬೊಳುವಾರು ಮಹಮದ್ ಕುಂಞಿ ಅವರ ಮುತ್ತುಪ್ಪಾಡಿಯ ಕತೆಗಳಲ್ಲಿ ಪಕ್ಕದ ಮನೆಯ ಹಿಂದೂವಿನೊಂದಿಗಿನ ಜಗಳ, ಸಲಿಗೆ, ಗುಮಾನಿ ಎಲ್ಲವೂ ಇವೆ. ಅವರಿಬ್ಬರೂ ಒಳಗಿದ್ದು ಬರೆದವರು, ಹಾಗಾಗಿ ತಮ್ಮವರನ್ನು ಪ್ರೀತಿಯಿಂದ ಬಯ್ಯಬಲ್ಲರು. ನೇಮಿಚಂದ್ರ ಹೊರಗಿನಿಂದ ಬಂದು ಬಾಗಿಲು ತಟ್ಟಿದವರು. ಅವರ ಮುಸ್ಲಿಂ ಮನೆಗೆ ಒಳ್ಳೆಯತನದ ಬಣ್ಣ ತುಸು ಹೆಚ್ಚೇ ಆಗಿದೆ ಎಂದು ಒಮ್ಮೊಮ್ಮೆ ಅನ್ನಿಸುವುದಿದೆ. ಪರಧರ್ಮದ ಮಗುವೊಂದನ್ನು ಮನೆಗೆ ತಂದಾಗ ನೆಂಟರು ಏನೆನ್ನುತ್ತಾರೆ, ಜಮಾಅತಿನಲ್ಲಿ ಏನು ಮಾತು ಬರುತ್ತದೆ, ಯುದ್ಧಕಾಲದ ರೇಶನ್ನಿನಲ್ಲಿ ಇನ್ನೊಂದು ಬಾಯಿಗೆ ಅಕ್ಕಿ ಎಲ್ಲಿಂದ ಎಂಬ ತಕರಾರುಗಳು ಇನ್ನೂ ಗಟ್ಟಿಯಾಗಿ ಕೇಳಿಬರಬೇಕಿತ್ತು. ಒಳ್ಳೆಯ ಕೆಲಸಕ್ಕೆ ಬೆಲೆ ಬರುವುದೇ ಅದನ್ನು ಮಾಡುವವರಿಗೆ ಏನಾದರೂ ನಷ್ಟವಾದಾಗ.

ಆದರೂ ಆ ಮನೆಯ ಮುಖ್ಯ ಗುಣ ಓದುಗನ ಮನಸ್ಸಿನಲ್ಲಿ ಉಳಿಯುತ್ತದೆ. ಆ ಮನೆ ಮಗುವಿನ ಅಜ್ಜ ಅಜ್ಜಿಯರ ಲೆಕ್ಕ ಕೇಳುವುದಿಲ್ಲ. ನ್ಯೂರೆಂಬರ್ಗಿನ ಕಾನೂನಿಗೆ ಲೇಖಕಿ ಕೊಡುವ ಉತ್ತರವಿದು. ಸರಕಾರವೊಂದು ಲಕ್ಷಗಟ್ಟಲೆ ಕಡತಗಳಲ್ಲಿ ಹುಡುಕಿದ ಪ್ರಶ್ನೆಯನ್ನು ಒಂದು ಅಡುಗೆಮನೆ ಕೇಳದೇ ಬಿಟ್ಟುಬಿಡುತ್ತದೆ.

ಇಂಥ ಮನೆಗಳು ನಿಜವಾಗಿಯೂ ಇದ್ದವು. ಬಹುಪಾಲು ಮುಸ್ಲಿಮರಿರುವ ಅಲ್ಬೇನಿಯಾದಲ್ಲಿ ‘ಬೆಸಾ’ ಎಂಬ ಸಂಪ್ರದಾಯವಿದೆ, ಮನೆಗೆ ಬಂದವನನ್ನು ಪ್ರಾಣ ಕೊಟ್ಟಾದರೂ ಕಾಯುವ ವಚನ. ಜರ್ಮನರು ಆಕ್ರಮಿಸಿದಾಗ ಹಳ್ಳಿಯ ರೈತರು ಯಹೂದಿಗಳಿಗೆ ತಮ್ಮ ಬಟ್ಟೆ ತೊಡಿಸಿ ಮನೆಯವರೆಂದು ಹೇಳಿ ಉಳಿಸಿದರು. ಯುದ್ಧ ಮುಗಿದಾಗ ಅಲ್ಲಿ ಮೊದಲಿಗಿಂತ ಹೆಚ್ಚು ಯಹೂದಿಗಳಿದ್ದರು. ಯುರೋಪಿನ ಬೇರೆ ದೇಶಗಳಲ್ಲಿ ಹೀಗಾದದ್ದು ತೀರಾ ಅಪರೂಪ. ರೋಡ್ಸ್ ದ್ವೀಪದಲ್ಲಿ ಟರ್ಕಿಯ ಕಾನ್ಸುಲ್ ಆಗಿದ್ದ ಸಲಾಹತ್ತೀನ್ ಉಲ್ಕುಮೆನ್ 40ಕ್ಕೂ ಹೆಚ್ಚು ಯಹೂದಿಗಳನ್ನು ಶಿಬಿರದ ದಾರಿಯಿಂದ ಬಿಡಿಸಿಕೊಂಡರು. ಬರ್ಲಿನ್ನಿನಲ್ಲೇ ಇದ್ದ ಈಜಿಪ್ಟಿನ ವೈದ್ಯ ಮುಹಮ್ಮದ್ ಹೆಲ್ಮಿ ಒಬ್ಬ ಯಹೂದಿ ತರುಣಿಯನ್ನು ಯುದ್ಧ ಮುಗಿಯುವ ತನಕ ಬಚ್ಚಿಟ್ಟರು. ಯಾದ್ ವಶೇಮ್ ಸಂಸ್ಥೆ 2013ರಲ್ಲಿ ಅವರನ್ನು ಗೌರವಿಸಿತು. ಆ ಗೌರವ ಪಡೆದ ಮೊದಲ ಅರಬ್ ಅವರು. ನಮ್ಮ ಟಿಪ್ಪು ಸುಲ್ತಾನರ ವಂಶದ ನೂರ್ ಇನಾಯತ್ ಖಾನ್ ನಾಝಿಗಳ ವಶದಲ್ಲಿದ್ದ ಪ್ಯಾರಿಸ್ಸಿನಿಂದ ಬ್ರಿಟನ್ನಿಗೆ ಗುಪ್ತವಾಗಿ ರೇಡಿಯೋ ಸಂದೇಶ ಕಳಿಸುತ್ತಿದ್ದರು. ಸಿಕ್ಕಿಬಿದ್ದು 1944ರ ಸೆಪ್ಟೆಂಬರ್ 13ರಂದು ದಾಖೌ ಶಿಬಿರದಲ್ಲಿ ಗುಂಡಿಗೆ ಬಲಿಯಾದರು. ಶ್ರೀರಂಗಪಟ್ಟಣದ ಮನೆತನದ ಹೆಣ್ಣುಮಗಳು ದಾಖೌನಲ್ಲಿ ಪ್ರಾಣ ಕೊಟ್ಟದ್ದು ನಮ್ಮ ಶಾಲೆಯ ಪಾಠಗಳಲ್ಲಿ ಎಲ್ಲಿದೆ?

ಇನ್ನೊಂದು ಬದಿಯನ್ನೂ ಹೇಳಬೇಕು. ಜೆರುಸಲೇಮಿನ ಮುಫ್ತಿ ಹಾಜಿ ಅಮೀನ್ ಅಲ್ ಹುಸೈನಿ 1941ರ ನವೆಂಬರಿನಲ್ಲಿ ಬರ್ಲಿನ್ನಿನಲ್ಲಿ ಹಿಟ್ಲರನನ್ನು ಭೇಟಿಯಾದರು, ನಾಝಿಗಳ ಪರವಾಗಿ ರೇಡಿಯೋ ಪ್ರಚಾರ ಮಾಡಿದರು. ಬ್ರಿಟಿಷರ ಮೇಲಿನ ಸಿಟ್ಟು ಅದಕ್ಕೆ ವಿವರಣೆಯಾಗಬಹುದು, ಸಮರ್ಥನೆಯಾಗದು. ಹೆಲ್ಮಿಯ ಹೆಸರು ಹೇಳಿ ಹೆಮ್ಮೆಪಡುವವರು ಮುಫ್ತಿಯ ಹೆಸರನ್ನು ನುಂಗಿಕೊಂಡರೆ ಅದು ಪ್ರಾಮಾಣಿಕತೆಯಲ್ಲ.

ಕಾದಂಬರಿಯ ಮೇಲೆ ಇನ್ನೊಂದು ಆಕ್ಷೇಪವಿದೆ. ನೇಮಿಚಂದ್ರ ಒಳ್ಳೆಯ ಪ್ರವಾಸ ಲೇಖಕಿ. ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಓದಿದವರಿಗೆ ಅದು ಗೊತ್ತು. ಊರಿಂದೂರಿಗೆ ಹೋಗುವ ಹ್ಯಾನಾಳ ಹುಡುಕಾಟದಲ್ಲಿ ಕೆಲವೆಡೆ ಪ್ರವಾಸಿಯ ಕಣ್ಣು ಕಾದಂಬರಿಕಾರ್ತಿಯ ಕಣ್ಣಿಗಿಂತ ಮುಂದೆ ಹೋಗುತ್ತದೆ. ಮಾಹಿತಿ ರಾಶಿ ಬೀಳುತ್ತದೆ, ಪಾತ್ರಗಳು ಮಾತಾಡುವ ಬದಲು ಪಾಠ ಹೇಳುತ್ತವೆ. ಆದರೆ ಕನ್ನಡದ ಸಾಮಾನ್ಯ ಓದುಗನಿಗೆ ಈ ಚರಿತ್ರೆಯನ್ನು ಮೊದಲಿನಿಂದ ಹೇಳಬೇಕಾದ ಹೊಣೆ ಲೇಖಕಿಯ ಮೇಲಿತ್ತು ಎಂಬುದನ್ನು ಮರೆಯಲಾಗದು. ಹಿಟ್ಲರ್ ಎಂದರೆ ಶಿಸ್ತು ಎಂದುಕೊಂಡ ಸಮಾಜಕ್ಕೆ ಬರೆಯುವಾಗ ಮಾಹಿತಿಯೂ ಒಂದು ಅಗತ್ಯ.

ಇಸ್ರೇಲಿನ ಭಾಗಕ್ಕೆ ಬಂದಾಗ ಲೇಖಕಿ ಸುಲಭದ ದಾರಿ ಹಿಡಿಯಲಿಲ್ಲ ಎಂಬುದು ಮೆಚ್ಚಬೇಕಾದ ಮಾತು. ಯಹೂದಿಗಳ ನೋವಿನ ಬಗ್ಗೆ ಬರೆದವರು ಅನೇಕರು ಇಸ್ರೇಲ್ ಹುಟ್ಟಿದಲ್ಲಿಗೆ ಕಥೆ ಮುಗಿಸಿಬಿಡುತ್ತಾರೆ, ಅಲ್ಲಿಗೆ ಎಲ್ಲ ಶುಭವಾಯಿತು ಎಂಬಂತೆ. ನೇಮಿಚಂದ್ರ ಅಲ್ಲಿಂದ ಮುಂದಕ್ಕೂ ಹೋಗಿ ಫೆಲೆಸ್ತೀನಿಯನ ಮನೆ ಎಲ್ಲಿ ಹೋಯಿತೆಂದು ಕೇಳುತ್ತಾರೆ. ಯಾದ್ ವಶೇಮ್ ಸ್ಮಾರಕ ಇರುವ ಗುಡ್ಡದ ಎದುರಿಗೇ ದೇರ್ ಯಾಸೀನ್ ಎಂಬ ಹಳ್ಳಿಯಿತ್ತು. 1948ರ ಏಪ್ರಿಲ್ 9ರಂದು ಅಲ್ಲಿ ನೂರಕ್ಕೂ ಹೆಚ್ಚು ಫೆಲೆಸ್ತೀನಿಯರನ್ನು ಯಹೂದಿ ಸಶಸ್ತ್ರ ಗುಂಪುಗಳು ಕೊಂದವು. ಆ ವರ್ಷ ಮನೆಮಠ ಕಳೆದುಕೊಂಡ ಫೆಲೆಸ್ತೀನಿಯರು ಏಳು ಲಕ್ಷಕ್ಕೂ ಹೆಚ್ಚು. ಒಂದು ಗುಡ್ಡದಲ್ಲಿ ಹೆಸರುಗಳನ್ನು ಜತನದಿಂದ ಕಾಪಿಡಲಾಗುತ್ತಿದೆ. ಎದುರಿನ ಗುಡ್ಡದಲ್ಲಿ ಊರಿನ ಹೆಸರೇ ಅಳಿಸಿಹೋಗಿದೆ.

ಆದರೆ ಇಲ್ಲಿ ನಾವು ಎಚ್ಚರ ತಪ್ಪಬಾರದು. ‘ನಿನ್ನೆ ಹಿಂಸೆ ಅನುಭವಿಸಿದವರೇ ಇಂದು ಹಿಂಸಕರಾದರು’ ಎಂಬ ಮಾತನ್ನು ನಮ್ಮ ಭಾಷಣಗಳಲ್ಲಿ, ಸಂಪಾದಕೀಯಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಕಾದಂಬರಿಯನ್ನೂ ಹೀಗೆ ಒಂದು ವಾಕ್ಯಕ್ಕೆ ಇಳಿಸಿಬಿಡುವ ಓದು ಸಾಕಷ್ಟಿದೆ. ಆಶ್‌ವಿಟ್ಝ್‌ನಲ್ಲಿ ಸತ್ತವರು ಯಾರ ಮನೆಯನ್ನೂ ಕಿತ್ತುಕೊಂಡಿಲ್ಲ. ಪೋಲೆಂಡಿನ ದರ್ಜಿ, ಹಂಗೇರಿಯ ಶಾಲಾ ಬಾಲಕಿ, ಆಮ್‌ಸ್ಟರ್‌ಡ್ಯಾಮಿನ ಅಟ್ಟದಲ್ಲಿ ಎರಡು ವರ್ಷ ಅಡಗಿದ್ದು 1944ರಲ್ಲಿ ಸಿಕ್ಕಿಬಿದ್ದ ಆ್ಯನ್ ಫ್ರಾಂಕ್, ಇವರಿಗೆ ಇಸ್ರೇಲಿನ ಸರಕಾರ ಮಾಡಿದ್ದರ ಬಾಕಿ ತೀರಿಸುವ ಹೊಣೆಯಿಲ್ಲ. ಹಾಗೆಯೇ ಹಿಟ್ಲರ್ ಮಾಡಿದ್ದಕ್ಕೆ ಬೆಲೆ ಕೊಡುವ ಹೊಣೆ ಫೆಲೆಸ್ತೀನಿನ ರೈತನಿಗೂ ಇರಲಿಲ್ಲ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು. ಅನಂತರದ ಯುದ್ಧದಲ್ಲಿ ಗಾಝಾದಲ್ಲಿ ಸತ್ತವರು 60 ಸಾವಿರಕ್ಕೂ ಹೆಚ್ಚೆಂದು ಅಲ್ಲಿನ ಆರೋಗ್ಯ ಇಲಾಖೆ ಹೇಳಿದೆ. ಗಾಝಾದ ಮಕ್ಕಳಿಗಾಗಿ ಅಳಲು ಆಶ್‌ವಿಟ್ಝ್ ಸುಳ್ಳೆನ್ನಬೇಕಾಗಿಲ್ಲ. ಆಶ್‌ವಿಟ್ಝ್‌ಗಾಗಿ ಅಳುವವರು ಗಾಝಾವನ್ನು ಕಾಣದಂತೆ ಕಣ್ಣು ಮುಚ್ಚಿಕೊಳ್ಳಬೇಕಾಗಿಯೂ ಇಲ್ಲ. ಎರಡನ್ನೂ ಒಂದೇ ಎದೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ. ಹ್ಯಾನಾ ಆ ಕಷ್ಟವನ್ನು ಹೊತ್ತು ನಡೆಯುತ್ತಾಳೆ. ಅದಕ್ಕೇ ಆಕೆ ನಮಗೆ ಬೇಕಾದವಳು.

ಇಷ್ಟೆಲ್ಲ ಹೇಳಿದ ಮೇಲೆ ಬಿ.ಸಿ.ರೋಡಿಗೆ ಬರೋಣ. ಇಲ್ಲಿನ ಓದುಗನಿಗೆ ಈ ಕಾದಂಬರಿ ಏಕೆ ಮುಖ್ಯ?

2022ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಿ. ಹಿಜಾಬ್ ಕುರಿತ ಹೈಕೋರ್ಟ್ ತೀರ್ಪಿನ ಬೆನ್ನಿಗೇ ಕರಾವಳಿಯ ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲವೆಂಬ ಬ್ಯಾನರುಗಳು ಎದ್ದವು. ಕಾಪುವಿನ ಮಾರಿಪೂಜೆಯಿಂದ ಮೂಲ್ಕಿಯ ಬಪ್ಪನಾಡು ಜಾತ್ರೆಯ ತನಕ. ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಯನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂಬ ಐತಿಹ್ಯವನ್ನು ಊರಿನ ಎಲ್ಲರೂ ಬಲ್ಲರು. ಕ್ಷೇತ್ರದ ಹೆಸರಲ್ಲೇ ಆ ಬ್ಯಾರಿ ಇದ್ದಾನೆ. ಅವನ ಜಾತಿಯ ಬಳೆ ವ್ಯಾಪಾರಿಗೆ, ಆಟಿಕೆ ಮಾರುವವನಿಗೆ, ಚುರುಮುರಿ ಗಾಡಿಯವನಿಗೆ ಅಂಗಳದಲ್ಲಿ ಎಡೆಯಿಲ್ಲವೆಂದರು. ಸರಕಾರ ಶಾಸನಸಭೆಯಲ್ಲಿ ಧಾರ್ಮಿಕ ದತ್ತಿ ಕಾಯ್ದೆಯ 2002ರ ಒಂದು ನಿಯಮವನ್ನು ಎತ್ತಿ ತೋರಿಸಿತು. ಒಂದು ಜಾತ್ರೆಯಿಂದ ಇನ್ನೊಂದಕ್ಕೆ ಮೂಟೆ ಹೊತ್ತು ತಿರುಗುವ ಬಡಪಾಯಿಯ ಇಡೀ ವರ್ಷದ ಸಂಪಾದನೆ ಆ ಕೆಲವು ತಿಂಗಳುಗಳಲ್ಲಿದೆ ಎಂಬುದು ಬ್ಯಾನರು ಕಟ್ಟಿದವರಿಗೆ ಗೊತ್ತಿರಲಿಲ್ಲವೇ?

ಇದನ್ನು ನಾಝಿ ಜರ್ಮನಿಗೆ ಸಮವೆನ್ನುವುದು ಸರಿಯಲ್ಲ. ಸತ್ತ 60 ಲಕ್ಷ ಜನರ ನೋವನ್ನು ಹಾಗೆ ಅಗ್ಗ ಮಾಡಬಾರದು. ಅಲ್ಲಿ ಕಾನೂನು, ಪೊಲೀಸು, ನ್ಯಾಯಾಲಯ, ಶಾಲೆ ಎಲ್ಲವೂ ಒಂದೇ ಕೈಗೆ ಸಿಕ್ಕಿದ್ದವು. ಇಲ್ಲಿ ಸಂವಿಧಾನವಿದೆ, ಕೋರ್ಟಿಗೆ ಹೋಗುವ ದಾರಿಯಿದೆ, ಓಟಿದೆ, ಬ್ಯಾನರಿನ ವಿರುದ್ಧ ದನಿಯೆತ್ತಿದ ಹಿಂದೂಗಳಿದ್ದಾರೆ. ಆದರೆ 1933ರ ಏಪ್ರಿಲ್ 1ರಂದು ಬರ್ಲಿನ್ನಿನ ಅಂಗಡಿಯ ಮುಂದೆ ಬೋರ್ಡು ಹಿಡಿದು ನಿಂತಾಗಲೂ ಅದು ಬರೀ ಬೋರ್ಡೇ ಆಗಿತ್ತು. ಒಂದೇ ದಿನದ ಬಹಿಷ್ಕಾರವಾಗಿತ್ತು. ಎಷ್ಟೋ ಜರ್ಮನರು ಅದನ್ನು ಲೆಕ್ಕಿಸದೆ ಒಳಗೆ ಹೋಗಿ ಖರೀದಿ ಮಾಡಿದರು. ಇಷ್ಟಕ್ಕೇ ನಿಲ್ಲುತ್ತದೆ ಎಂದು ಯಹೂದಿಗಳೇ ನಂಬಿದ್ದರು. ಕೊನೆಯ ಮೆಟ್ಟಿಲನ್ನು ಮೊದಲ ಮೆಟ್ಟಿಲಿನಿಂದ ಕಾಣಲು ಯಾರಿಗೂ ಆಗಲಿಲ್ಲ.

ನಮ್ಮ ದೇಶದಲ್ಲೂ ಆ ದಾರಿಯನ್ನು ಮಾದರಿಯೆಂದು ತೋರಿಸಿದವರಿದ್ದರು. 1939ರಲ್ಲಿ ಪ್ರಕಟವಾದ ಎಂ.ಎಸ್. ಗೋಳ್ವಲ್ಕರ್ ಅವರ ‘ವಿ ಆರ್ ಅವರ್ ನೇಷನ್‌ಹುಡ್ ಡಿಫೈನ್ಡ್’ ಎಂಬ ಪುಸ್ತಕ, ಯಹೂದಿಗಳನ್ನು ಹೊರಹಾಕಿದ ಜರ್ಮನಿಯಿಂದ ಹಿಂದೂಸ್ಥಾನಕ್ಕೆ ಕಲಿಯಲು ಪಾಠವಿದೆ ಎಂಬರ್ಥದಲ್ಲಿ ಬರೆಯಿತು. ಮುಂದೆ ಸಂಘವೇ ಆ ಪುಸ್ತಕ ತನ್ನ ನಿಲುವಲ್ಲವೆಂದಿತು. ಪುಸ್ತಕವನ್ನು ಕೈಬಿಡುವುದು ಸುಲಭ. ಅದರೊಳಗಿನ ಲೆಕ್ಕಾಚಾರವನ್ನು ಊರಿನ ಅಂಗಳದಿಂದ ಕೈಬಿಡಿಸುವುದು ಕಷ್ಟ.

ಹೆಸರಿನ ಮಾತಿಗೇ ಮರಳುವುದಾದರೆ, ನಮ್ಮ ಜಿಲ್ಲೆಯಲ್ಲಿ ಹೆಸರು ಒಂದು ತಪಾಸಣೆಯ ವಸ್ತುವಾಗಿದೆ. ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಹುಡುಗ ಹುಡುಗಿಯರ ಹೆಸರು ಕೇಳಿ ಕೆಳಗಿಳಿಸುವವರಿದ್ದಾರೆ. 2017ರ ಮಧ್ಯದಲ್ಲಿ ಬಂಟ್ವಾಳ ತಾಲೂಕು ವಾರಗಟ್ಟಲೆ ನಿಷೇಧಾಜ್ಞೆಯಲ್ಲಿ ಉಸಿರು ಬಿಗಿಹಿಡಿದು ಕುಳಿತಿತ್ತು. ಬಿ.ಸಿ.ರೋಡು, ಕಲ್ಲಡ್ಕ, ಫರಂಗಿಪೇಟೆಗಳ ಅಂಗಡಿಗಳು ಸಂಜೆಯಾಗುವ ಮೊದಲೇ ಬಾಗಿಲೆಳೆದಿದ್ದವು. ಯಾರಾದರೂ ಕೊಲೆಯಾದ ಸುದ್ದಿ ಬಂದಾಗ ನಾವೆಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಹೆಸರೆಂತ?’ ಹೆಸರು ತಿಳಿದ ಮೇಲೆ ದುಃಖಪಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತೇವೆ. ಮಸೀದಿಯ ಅಂಗಳದಲ್ಲೂ ದೇವಸ್ಥಾನದ ಅಂಗಳದಲ್ಲೂ ಸತ್ತವರ ಎರಡು ಬೇರೆ ಬೇರೆ ಪಟ್ಟಿಗಳಿವೆ. ಎರಡೂ ಪಟ್ಟಿಗಳನ್ನು ಒಟ್ಟಿಗೆ ಓದುವ ಜಾಗ ಊರಿನಲ್ಲೆಲ್ಲೂ ಇಲ್ಲ.

ಇಂಥಲ್ಲಿ ‘ಯಾದ್ ವಶೇಮ್’ ಕಾದಂಬರಿ ಬಹಳ ಸಣ್ಣ ಕೆಲಸವೊಂದನ್ನು ಮಾಡುತ್ತದೆ. ಹೆಸರನ್ನು ಯಾವಾಗ ಕೇಳಬೇಕು, ಯಾವಾಗ ಕೇಳಬಾರದು ಎಂದು ಹೇಳಿಕೊಡುತ್ತದೆ. ಬಾಗಿಲ ಮುಂದೆ ನಡುಗುತ್ತಾ ನಿಂತ ಮಗುವಿನ ಹೆಸರನ್ನು ಒಳಗೆ ಬಿಡುವ ಮೊದಲು ಕೇಳಬಾರದು. ಸತ್ತವರ ಹೆಸರನ್ನು ಮರೆಯಬಾರದು, ಅವರು ನಮ್ಮವರಲ್ಲದಿದ್ದರೂ. ನಾಝಿಗಳು ಮಾಡಿದ್ದು ಇದರ ತದ್ವಿರುದ್ಧ. ಬದುಕಿದ್ದವರ ಹೆಸರನ್ನು ಕೇಳಿ ಬೇರ್ಪಡಿಸಿದರು, ಆಶ್‌ವಿಟ್ಝ್‌ಗೆ ತಂದವರಲ್ಲಿ ದುಡಿಮೆಗೆಂದು ಉಳಿಸಿಕೊಂಡವರ ಹೆಸರಿನ ಬದಲು ಕೈಯ ಮೇಲೆ ಸಂಖ್ಯೆ ಕೊರೆದರು. ಉಳಿದವರನ್ನು ಆ ಸಂಖ್ಯೆಯೂ ಇಲ್ಲದೆ ಸುಟ್ಟರು.

ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳು, ಊರಿನ ಯುವಕ ಮಂಡಲಗಳು, ಮಸೀದಿ ಮದ್ರಸಗಳ ಗ್ರಂಥಾಲಯಗಳು ಈ ಪುಸ್ತಕವನ್ನು ತರಿಸಿಕೊಳ್ಳಬೇಕು. ಅದರ ಕೊರತೆಗಳ ಸಹಿತವೇ ಓದಿ ಜಗಳವಾಡಬೇಕು. ಮುಸ್ಲಿಂ ಹುಡುಗ ಇದನ್ನು ಓದಿ ಮೊಬೈಲಿನಲ್ಲಿ ಬಂದ ಹಿಟ್ಲರನ ಸುಳ್ಳು ಮಾತನ್ನು ಮುಂದಕ್ಕೆ ಕಳಿಸದೆ ಅಳಿಸಿದರೆ, ಹಿಂದೂ ಹುಡುಗ ಇದನ್ನು ಓದಿ ಜಾತ್ರೆಯ ಬ್ಯಾನರಿನ ಹಗ್ಗ ಹಿಡಿಯಲು ಕರೆದಾಗ ಹೋಗದೆ ಉಳಿದರೆ, ಕನ್ನಡದ ಒಂದು ಕಾದಂಬರಿ ಮಾಡಬಹುದಾದ ಕೆಲಸ ಅಷ್ಟರಮಟ್ಟಿಗೆ ಆದಂತೆ. ದೊಡ್ಡ ದೇಶಗಳು ಎವಿಯಾನಿನಲ್ಲಿ ಸೇರಿ ಮಾಡದೆ ಬಿಟ್ಟ ಕೆಲಸವನ್ನು ಅಲ್ಬೇನಿಯಾದ ರೈತ ತನ್ನ ಜಗಲಿಯಲ್ಲಿ ನಿಂತು ಮಾಡಿದ. ಅಂಥ ಜಗಲಿಗಳು ಬಂಟ್ವಾಳದ ಹಳ್ಳಿಗಳಲ್ಲಿ ಈಗಲೂ ಇವೆ. ಅವು ಉಳಿಯುವುದೂ ಅಳಿಯುವುದೂ ಅಲ್ಲಿ ಕೂತು ಮಾತಾಡುವ ನಮ್ಮ ಮೇಲಿದೆ.